ಲಾರಿ ಬಾರದ ವರ್ಷದ ಪಗಾರ

ಹೋದ ವಾರ ಮಂಡಕ್ಕಿ ತರಲು ಕಂಪ್ಲಿಗೆ ಹೋಗಿದ್ದೆ. ಭಟ್ಟಿಯವನು ಇನ್ನೂ ಚೀಲ ತುಂಬುತ್ತಿದ್ದ. ಅಲ್ಲಿಯವರೆಗೆ ಪಕ್ಕದ ಅಕ್ಕಿ ಗಿರಣಿಯ ಬಾಗಿಲಲ್ಲಿ ನಿಂತುಕೊಂಡೆ. ಆಗಷ್ಟೇ ಒಂದು ಮಳೆ ಬಂದು ಹೋಗಿತ್ತು. ಭತ್ತದ ಲಾರಿಯೊಂದು ತೂಕಕ್ಕೆಂದು ಕಾಟಾ ಮೇಲೆ ಹತ್ತಿತು. ಕಾಟಾ ಅಂದರೆ ನೆಲಮಟ್ಟಕ್ಕೆ ಕೂರಿಸಿದ ಉದ್ದನೆಯ ಕಬ್ಬಿಣದ ಹಾಸು. ಅದರ ಮೇಲೆ ಲಾರಿ ನಿಂತರೆ ಪಕ್ಕದ ಕೋಣೆಯಲ್ಲಿರುವ ಪೆಟ್ಟಿಗೆಯಲ್ಲಿ ಕೆಂಪು ಅಂಕಿಗಳು ಮೂಡಿ ತೂಕ ಹೇಳುತ್ತವೆ. ಕಾದ ಕಬ್ಬಿಣದ ಮೇಲೆ ಮಳೆನೀರು ಬಿದ್ದ ವಾಸನೆ ಬಂತು, ಅದರೊಳಗೊಂದಿಷ್ಟು ಡೀಸೆಲ್ಲು, ಗ್ರೀಸು. ಬೆನ್ನ ಹಿಂದೆ ಯಾರೋ ನಿಂತು ನನ್ನನ್ನೇ ನೋಡುತ್ತಿರುವಂತೆ ಅನಿಸಿತು. ತಿರುಗಿದೆ. ಯಾರೂ ಇರಲಿಲ್ಲ. ಇಷ್ಟು ವರ್ಷವಾದರೂ ಆ ವಾಸನೆಗೆ ನಾನು ತಿರುಗಿ ನೋಡುವುದು ಬಿಟ್ಟಿಲ್ಲ.

ಗಣಿಗಳು ನಿಂತ ವರ್ಷದ ಮಾತು. ಅದಕ್ಕೂ ಮೊದಲು ಹೊಸಪೇಟೆಯಿಂದ ಸಂಡೂರಿನವರೆಗೆ ಅದಿರು ಲಾರಿಗಳ ಸಾಲು ಹಗಲಿರುಳು ಕಡಿಯುತ್ತಿರಲಿಲ್ಲ. ಗಿಡದ ಎಲೆ, ಎಮ್ಮೆಯ ಬೆನ್ನು, ಶಾಲೆ ಮಕ್ಕಳ ಅಂಗಿ ಎಲ್ಲವೂ ಕೆಂಪು. ಆ ರಸ್ತೆ ಬದಿಯ ಒಂದು ಅದಿರಿನ ಪ್ಲಾಟಿನಲ್ಲಿ, ಅಂದರೆ ಅದಿರನ್ನು ಗುಡ್ಡೆ ಹಾಕಿ, ತೂಗಿ, ಲಾರಿಗೆ ತುಂಬಿ ಕಳಿಸುವ ಬಯಲಿನಲ್ಲಿ, ನಾನು ಕಾಟಾ ನೋಡಿಕೊಳ್ಳುತ್ತಿದ್ದೆ. ಕೆಲಸ ಕಲಿಸಿದವರು ವೀರಭದ್ರಪ್ಪ ಸರ್. ಕಂಪ್ಲಿಯವರು, ಐವತ್ತು ದಾಟಿದವರು. ಅಣ್ಣತಮ್ಮಂದಿರು ಅಕ್ಕಿ ವ್ಯಾಪಾರದಲ್ಲಿದ್ದರೂ ಇವರು ಪಗಾರದ ಕೆಲಸವನ್ನೇ ಹುಡುಕಿಕೊಂಡು ಬಂದಿದ್ದರು. ಕಂಪನಿಯ ಖಾಕಿ ಅಂಗಿಗೆ ದಿನಾ ಇಸ್ತ್ರಿ, ಕಾಲರಿನೊಳಗೆ ಮಡಚಿದ ಕರವಸ್ತ್ರ, ಕಿಸೆಯಲ್ಲಿ ಎರಡು ಪೆನ್ನು. ನೀಲಿ ಬರೆಯಲಿಕ್ಕೆ, ಕೆಂಪು ನನ್ನ ತಪ್ಪು ತಿದ್ದಲಿಕ್ಕೆ. "ವ್ಯಾಪಾರದಾಗ ನಸೀಬ ಐತಿ, ಪಗಾರದಾಗ ಮಾನ ಐತಿ," ಎನ್ನುತ್ತಿದ್ದರು.

ಆಷಾಢದಲ್ಲಿ ಕೋರ್ಟಿನ ಆದೇಶದಿಂದ ಗಣಿ ಬಂದ್ ಆಯಿತು. ಒಂದೇ ದಿನ ಹದಿನಾಲ್ಕು ಮಂದಿಯನ್ನು ಮನೆಗೆ ಕಳಿಸಿದರು. ಪರ್ಮಿಟ್ಟು ಯಾವಾಗ ಬೇಕಾದರೂ ಮತ್ತೆ ಬರಬಹುದು, ಕಾಟಾಕ್ಕೆ ಒಬ್ಬ ಇರಲಿ ಎಂದರು. ಕಾಟಾ ಗೊತ್ತಿದ್ದವರು ನಾವಿಬ್ಬರು. ಸರ್ ಪಗಾರ ಹದಿನೆಂಟೂವರೆ ಸಾವಿರ, ನನ್ನದು ಒಂಬತ್ತು. ಅಗ್ಗದವನನ್ನು ಉಳಿಸಿಕೊಂಡರು. ಸರ್ ಬೀಗದ ಕೈಯನ್ನು ನನ್ನ ಮುಂದೆ ಮೇಜಿನ ಮೇಲಿಟ್ಟು, "ಒಂಬತ್ತೂವರಿಗೆ ಗೇಟ್ ತೆಗೀಬೇಕು. ಲಾರಿ ಬರ್ಲಿ, ಬಿಡ್ಲಿ," ಎಂದರು. ಅಷ್ಟೇ. ಊಟದ ಡಬ್ಬಿ ಎತ್ತಿಕೊಂಡು ಗೇಟು ದಾಟಿ ಹೋದರು. ಹಿಂದೆಯೇ ಓಡಿಹೋಗಿ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಆಮೇಲೆ ಕಂಪ್ಲಿಗೆ ಹೋಗಿ ಮಾತಾಡಿಸಿ ಬರಲಿಕ್ಕೂ ಮುಖವಿರಲಿಲ್ಲ.

ಲಾರಿ ನಿಂತ ಮೇಲೆ ಆ ಬಯಲಿನಲ್ಲಿ ಬೇರೆಯೇ ಸದ್ದುಗಳು ಕೇಳತೊಡಗಿದವು. ಮಧ್ಯಾಹ್ನ ತಗಡಿನ ಚಾವಣಿ ಕಾದು ಟಣ್ ಎನ್ನುತ್ತಿತ್ತು. ಅದಿರಿನ ಗುಡ್ಡೆಯಿಂದ ಒಂದೊಂದೇ ಹರಳು ಉರುಳಿ ಬರುತ್ತಿತ್ತು. ಧೂಳು ಕೂತುಹೋಗಿ, ಎದುರಿನ ಬೆಟ್ಟ ಹಸಿರೆಂದು ನನಗೆ ಮೊದಲ ಸಲ ತಿಳಿಯಿತು. ದಿನಾ ಒಂಬತ್ತರ ಸಂಡೂರು ಬಸ್ಸು ಹತ್ತಿ ಬಂದು, ಗೇಟು ತೆಗೆದು, ರಿಜಿಸ್ಟರಿನಲ್ಲಿ ತಾರೀಖು ಬರೆದು, ಅದರ ಮುಂದೆ ಸೊನ್ನೆ ಹಾಕಿ ಕೂಡುತ್ತಿದ್ದೆ. ಐದಕ್ಕೆ ಬೀಗ ಹಾಕಿ ಹೋಗುತ್ತಿದ್ದೆ. ಇಡೀ ದಿನ ಮನುಷ್ಯರ ಮುಖವಿಲ್ಲ.

ಮೊದಲು ಕಂಡದ್ದು ನೀರು. ಬೆಳಿಗ್ಗೆ ನಾನು ಬಂದಾಗ ಗೇಟಿನ ಬಳಿಯ ನಲ್ಲಿಯ ಕೆಳಗೆ ನೆಲ ಒದ್ದೆಯಾಗಿರುತ್ತಿತ್ತು, ಯಾರೋ ಆಗಷ್ಟೇ ಕೈಕಾಲು ತೊಳೆದ ಹಾಗೆ. ನಲ್ಲಿ ಸೋರುತ್ತಿರಬೇಕು ಅಂದುಕೊಂಡೆ. ಆಮೇಲೆ ವಾಸನೆ. ಬೇವಿನ ಗಿಡದ ಕೆಳಗೆ ಕೂತು ನಾನು ಚಿತ್ರಾನ್ನದ ಡಬ್ಬಿ ಬಿಚ್ಚಿದರೆ ಎಲ್ಲಿಂದಲೋ ಬೆಳ್ಳುಳ್ಳಿ ಖಾರದ ವಾಸನೆ ತೇಲಿ ಬರುತ್ತಿತ್ತು. ಸುತ್ತ ಎರಡು ಮೈಲಿ ಒಂದು ಮನೆ ಇರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಕೋಣೆಯಲ್ಲಿ ತೂಕಡಿಸುತ್ತಿದ್ದೆ. ಎಚ್ಚರವಾದಾಗ ಪೆಟ್ಟಿಗೆಯಲ್ಲಿ ಅರವತ್ತು ಎಂದಿತ್ತು. ಅರವತ್ತು ಕಿಲೋ. ಕಿಟಕಿಯ ಗಾಜಿಗೆ ವರ್ಷಗಳ ಧೂಳು ಅಂಟಿ ಹೊರಗಿನದೇನೂ ಕಾಣುತ್ತಿರಲಿಲ್ಲ. ಎದ್ದು ಬಾಗಿಲಿಗೆ ಹೋಗುವಷ್ಟರಲ್ಲಿ ಅಂಕಿ ಸೊನ್ನೆಗೆ ಬಂತು. ಕಾಟಾ ಖಾಲಿ. ಗಾಳಿಗೆ ಒಂದು ಪ್ಲಾಸ್ಟಿಕ್ ಹಾಳೆ ಮಾತ್ರ ಸುತ್ತುತ್ತಿತ್ತು. ಮರುದಿನ ಬೇಕೆಂದೇ ಎಚ್ಚರವಾಗಿ ಕುಳಿತೆ, ಏನೂ ಆಗಲಿಲ್ಲ. ನಾಲ್ಕು ದಿನ ಬಿಟ್ಟು ಕಣ್ಣು ಮುಚ್ಚಿದ ಗಳಿಗೆಯಲ್ಲಿ ಮತ್ತೆ ಅರವತ್ತು.

ಎರಡು ವರ್ಷದ ಹಿಂದೆ ಅದೇ ಪ್ಲಾಟಿನಲ್ಲಿ ಟಿಪ್ಪರಿನ ಹಿಂಬಾಗಿಲು ಬಿದ್ದು ಒಬ್ಬ ಡ್ರೈವರ್ ಸತ್ತಿದ್ದ. ತೆಳ್ಳಗಿನವನು, ಅಷ್ಟೇ ತೂಕ ಇದ್ದಿರಬಹುದು. ನಾನು ದೆವ್ವ ನಂಬುವವನಲ್ಲ. ಆದರೂ ಅಂದಿನಿಂದ ಬಾಗಿಲಿಗೆ ಬೆನ್ನು ಕೊಟ್ಟು ಕೂಡುವುದು ಬಿಟ್ಟೆ.

ಭಾದ್ರಪದದಲ್ಲಿ ಒಂದು ದಿನ ರಿಜಿಸ್ಟರಿನಲ್ಲಿ ತಾರೀಖು ತಪ್ಪು ಬರೆದಿದ್ದೆ, ಹದಿನೇಳರ ಬದಲು ಹದಿನಾರು. ಊಟ ಮಾಡಿ ಬರುವಷ್ಟರಲ್ಲಿ ಆರರ ಮೇಲೆ ಗೀಟು ಬಿದ್ದು, ಪಕ್ಕದಲ್ಲಿ ಏಳು ಎಂದಾಗಿತ್ತು. ಕೆಂಪು ಶಾಯಿಯಲ್ಲಿ. ನಾನೇ ತಿದ್ದಿ ಮರೆತಿರಬೇಕು ಎಂದುಕೊಂಡು ಮೇಜಿನ ಖಾನೆಯನ್ನೆಲ್ಲ ತಡಕಿದೆ. ಕೋಣೆಯಲ್ಲಿ ಕೆಂಪು ಪೆನ್ನು ಇರಲಿಲ್ಲ.

ಪಗಾರ ಮಾತ್ರ ಒಂದನೇ ತಾರೀಖಿಗೆ ಬ್ಯಾಂಕಿಗೆ ಬಂದು ಬೀಳುತ್ತಿತ್ತು. ತಿಂಗಳ ಕೊನೆಗೆ ರಿಜಿಸ್ಟರಿನ ನಕಲು ಹಾಳೆಯನ್ನು ಹೊಸಪೇಟೆಯ ಆಫೀಸಿಗೆ ಮುಟ್ಟಿಸಬೇಕು. ಮೊದಲ ತಿಂಗಳು ಒಬ್ಬ ಗುಮಾಸ್ತ ಇದ್ದ. ಎರಡನೇ ತಿಂಗಳು ಶಟರ್ ಎಳೆದಿತ್ತು. ಹಾಳೆಯನ್ನು ಕೆಳಗಿನ ಸಂದಿಯಿಂದ ಒಳಗೆ ತಳ್ಳಿ ಬಂದೆ. ಅದರ ಮುಂದಿನ ತಿಂಗಳು ಬಗ್ಗಿ ಸಂದಿಯಲ್ಲಿ ಕಣ್ಣಿಟ್ಟು ನೋಡಿದರೆ ಹಿಂದಿನ ಹಾಳೆ ಬಿದ್ದಲ್ಲೇ ಇತ್ತು, ಮೇಲೆ ಹಲ್ಲಿಯ ಹಿಕ್ಕೆ. ಆದರೂ ಒಂದನೇ ತಾರೀಖಿಗೆ ಒಂಬತ್ತು ಸಾವಿರ ಬಂತು. ಯಾರು ಕಳಿಸುತ್ತಿದ್ದಾರೆ ಎಂದು ಕೇಳಲು ಯಾರೂ ಇರಲಿಲ್ಲ. ಕೇಳಿದರೆ ನಿಂತೀತೆಂಬ ಹೆದರಿಕೆಯೂ ಇತ್ತು.

ಚಿತ್ತವಾಡ್ಗಿಯ ಮನೆಯಲ್ಲಿ ನಾನು, ನನ್ನ ಅಕ್ಕ ಹುಲಿಗೆಮ್ಮ ಇಬ್ಬರೇ. ಭಾವ ತೀರಿಕೊಂಡ ಮೇಲೆ ಅಕ್ಕ ಬಸ್ ಸ್ಟ್ಯಾಂಡ್ ಹತ್ತಿರ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿಯ ಬಂಡಿ ಇಟ್ಟಿದ್ದಳು. ಪಕ್ಕದ ಮನೆಯ ಖಾಜಾ ಹಂಪಿಗೆ ಆಟೋ ಹೊಡೆಯುತ್ತಿದ್ದ, ಆಟೋ ಅವನ ಸ್ವಂತದ್ದು. ಅಮಾವಾಸ್ಯೆಗೆ ಬಂಡಿ ರಜೆಯಿದ್ದ ಒಂದು ದಿನ ಮೂವರೂ ಕಟ್ಟೆಯ ಮೇಲೆ ಕೂತಿದ್ದೆವು. ಅಕ್ಕನಿಗೆ ಸಂಜೆಯ ಪಾಳಿಗೆ ಜೊತೆಗೊಬ್ಬರು ಬೇಕಿತ್ತು. ಕೆಲಸ ಬಿಟ್ಟು ಬಾ ಎಂದು ನೇರವಾಗಿ ಹೇಳದೆ ಲೆಕ್ಕದಿಂದ ಶುರುಮಾಡಿದಳು.

"ಕಡ್ಲಿಹಿಟ್ಟು, ಎಣ್ಣಿ, ಗ್ಯಾಸು, ಜಾಗದ್ದು ಎಲ್ಲಾ ತೆಗದು ನಂಗ ತಿಂಗಳಿಗೆ ಹನ್ನೊಂದು ಸಾವಿರ ಉಳಿತೈತಿ. ಮಳಿ ಹಿಡದ್ರ ಏಳಕ್ಕ ಬರ್ತೈತಿ. ಇಬ್ಬರಾದ್ರ ಹದಿನೆಂಟಕ್ಕ ಮೋಸಿಲ್ಲ."

"ನಂದು ಸೀಜನ್ ಲೆಕ್ಕ," ಎಂದ ಖಾಜಾ. "ಚಳಿಗಾಲದಾಗ ಫಾರಿನ್ ಮಂದಿ ಬಂದ್ರ ದಿನಕ್ಕ ಎಂಟುನೂರು. ಬ್ಯಾಸಿಗ್ಯಾಗ ಹಂಪಿ ಕಲ್ಲು ಕಾದು ನಾಯಿ ಸೈತ ಓಡಾಡಂಗಿಲ್ಲ, ನೂರು ಸಿಕ್ಕರ ಭಾಳ. ಇವಂದು ನೋಡಕ್ಕ, ಜ್ವರ ಬಂದು ಮಲಗಿದ್ರೂ ಬರ್ತೈತಿ."

"ಬರ್ತೈತಿ," ಎಂದಳು ಅಕ್ಕ. ಆಮೇಲೆ ನನ್ನತ್ತ ತಿರುಗಿ, "ಖರೆ ಹೇಳು ಮಂಜಾ, ಅಲ್ಲಿ ನೀನು ಏನ್ ಮಾಡ್ತಿ?"

ನೀರಿನ ಸುದ್ದಿ, ಅರವತ್ತರ ಸುದ್ದಿ ಬಾಯಿಗೆ ಬಂದು ನಿಂತಿತ್ತು. "ಕಾಟಾ ನೋಡ್ಕೋತೀನಿ," ಎಂದೆ.

"ಬಂಡಿ ಮುಂದ ನಿಂತ್ರ ದಿನಕ್ಕ ಇನ್ನೂರು ಮಂದಿ ನನ್ನ ಕೂಗ್ತಾರ. ನಿನ್ನ ಹೆಸರು ಹಿಡದು ಯಾರಾದ್ರೂ ಕೂಗಿ ಎಷ್ಟು ದಿನ ಆತು?"

ಲೆಕ್ಕದಲ್ಲಿ ಅದು ಸೇರುವುದಿಲ್ಲ ಎಂದು ಖಾಜಾ ನಕ್ಕ. ಆ ಮಾತು ಮಾತ್ರ ನನ್ನಲ್ಲಿ ಉಳಿಯಿತು.

ದಸರೆ ಬಂತು. ನಮ್ಮ ಕಡೆ ಬನ್ನಿ ಎಲೆ ಹಿಡಿದುಕೊಂಡು ಹಿರಿಯರ ಮನೆಗೆ ಹೋಗಿ ಕಾಲು ಮುಟ್ಟಬೇಕು. ಈ ನೆಪದಲ್ಲಾದರೂ ವೀರಭದ್ರಪ್ಪ ಸರ್ ಮುಖ ನೋಡಿ ಬರೋಣ ಎಂದು ಹಬ್ಬದ ಮರುದಿನ ಬೆಳಿಗ್ಗೆಯೇ ಕಂಪ್ಲಿಗೆ ಹೋದೆ. ಅವರ ಹೆಂಡತಿ ಶಾಂತಮ್ಮ ಬಾಗಿಲು ತೆರೆದರು. ಕೈಗೆಲ್ಲ ಜೋಳದ ಹಿಟ್ಟು. ಒಳಗೆ ಬಟ್ಟೆ ಮುಚ್ಚಿದ ರೊಟ್ಟಿಯ ಅಟ್ಟಿ ಕಂಡಿತು. ಇಬ್ಬರಿಗೆ ಇಷ್ಟೊಂದು ಯಾಕೆ ಎಂದು ಒಂದು ಕ್ಷಣ ಅನಿಸಿತು.

"ಬರ್ರಿ, ಕುಂದ್ರಿ," ಎಂದರು. "ಅವರು ಇಲ್ಲದಾಗ ಬಂದ್ರಲ್ಲ. ನಿಮಗ ರಜಾ ಕೊಟ್ಟು ತಾವು ಡ್ಯೂಟಿಗೆ ಹೋಗ್ಯಾರ."

"ಡ್ಯೂಟಿಗೆ?"

"ಏಳರ ಬಸ್ಸಿಗೆ. ದಿನಾ ಹಂಗ ಅಲ್ರೀ? ನಿಮ್ಮ ಜೊತೀಗೇ ಇರ್ತಾರಲ್ಲ."

ಅವರು ಚಹಾ ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತರು. "ರಾತ್ರಿ ಊಟಕ್ಕ ಕುಂತ್ರ ನಿಮ್ಮದ ಸುದ್ದಿ ಹೇಳ್ತಾರ. ಮಂಜ ಭಾಳ ಸೊರಗ್ಯಾನ, ಡಬ್ಬಿ ಬಿಚ್ಚಿ ಹಂಗ ಮುಚ್ಚಿಬಿಡ್ತಾನ ಅಂತ. ಹೋದ ಸೋಮವಾರ ನಿಮ್ಮ ಎಡಗಾಲಿನ ಚಪ್ಪಲಿ ಹರದಿತ್ತಂತ, ಸುತಳಿ ಕಟ್ಟಿಕೊಂಡು ಅಡ್ಡಾಡಿದ್ರಂತ. ಬೇವಿನ ಗಿಡದ ಬುಡಕ ಕುಂತು ಒಬ್ಬರ ಮಾತಾಡ್ತಿದ್ರಂತ."

ಚಪ್ಪಲಿ ಹರಿದದ್ದು ನಿಜ, ಸುತಳಿ ಕಟ್ಟಿದ್ದು ನಿಜ. ಒಬ್ಬನೇ ಮಾತಾಡಿದ್ದು ಸಹ ನಿಜ. ಆ ಬಯಲಿನಲ್ಲಿ ನಾನೊಬ್ಬನೇ ಇದ್ದೇನೆಂದು ಮೂರು ತಿಂಗಳಿಂದ ತಿಳಿದಿದ್ದೆ. ಇಲ್ಲಿ ಇಷ್ಟು ದೂರದ ಮನೆಯೊಂದರಲ್ಲಿ ದಿನಾ ರಾತ್ರಿ ನನ್ನ ಹಗಲು ಬಿಚ್ಚಿಕೊಳ್ಳುತ್ತಿತ್ತು.

ಶಾಂತಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. "ಹೌದ್ರಿ," ಎಂದೆ. ಬನ್ನಿ ಎಲೆಯನ್ನು ಅವರ ಕೈಗಿಟ್ಟು ಕಾಲು ಮುಟ್ಟಿ ಬಂದುಬಿಟ್ಟೆ.

ಮರುದಿನ ಕೋಣೆಗೆ ಹೋಗಲಿಲ್ಲ. ಗೇಟು ತೆಗೆದವನೇ ಅದಿರಿನ ಗುಡ್ಡೆಯನ್ನು ಬಳಸಿ ಹಿಂದಕ್ಕೆ ನಡೆದೆ. ಅಲ್ಲಿ ಗಾಲಿ ಬಿಚ್ಚಿದ ಹಳೆಯ ಟಿಪ್ಪರೊಂದು ಕಲ್ಲುಗಳ ಮೇಲೆ ನಿಂತಿತ್ತು. ಅದರ ಹಿಂದೆ ಕಾಂಪೌಂಡು ಕುಸಿದಿತ್ತು, ಒಬ್ಬ ಮನುಷ್ಯ ನುಸುಳುವಷ್ಟು. ಟಿಪ್ಪರಿನ ಮುಂದಿನ ಗಾಜಿನ ಮೇಲೆ ಬೆರಳು ದಪ್ಪ ಕೆಂಪು ಧೂಳು. ನಡುವೆ ಅಂಗೈ ಅಗಲದಷ್ಟು ಜಾಗವನ್ನು ಮಾತ್ರ ಯಾರೋ ಚೊಕ್ಕಟವಾಗಿ ಒರೆಸಿದ್ದರು. ಆ ಕಿಂಡಿಯಿಂದ ನೋಡಿದರೆ ಕಾಟಾದ ಕೋಣೆ, ನಲ್ಲಿ, ಬೇವಿನ ಗಿಡ ಮೂರೂ ಕಾಣುತ್ತವೆ.

ಬಾಗಿಲು ಎಳೆದೆ. ವೀರಭದ್ರಪ್ಪ ಸರ್ ಡ್ರೈವರಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದರು. ಇಸ್ತ್ರಿ ಮಾಡಿದ ಖಾಕಿ ಅಂಗಿ, ತೊಡೆಯ ಮೇಲೆ ಡಬ್ಬಿ. ಬೆಚ್ಚಲೂ ಇಲ್ಲ. ಗಡಿಯಾರ ನೋಡಿಕೊಂಡು, "ಹತ್ತು ನಿಮಿಷ ಲೇಟು," ಎಂದರು.

ನನಗೆ ಅಳು ಬಂತೋ ಸಿಟ್ಟು ಬಂತೋ ಈಗಲೂ ಹೇಳಲಾರೆ. "ಸರ್, ನೀವು ಇಲ್ಲಿ..."

"ನೀ ನಿದ್ದಿ ಮಾಡ್ತಿ. ಕಾಟಾ ದಿನಕ್ಕೊಮ್ಮೆ ತೂಗಿ ನೋಡಬೇಕು, ಇಲ್ಲಾಂದ್ರ ಜಂಗು ಹಿಡಿತೈತಿ. ನಿನಗ ಹೇಳಿದ್ದೆ."

"ಮನ್ಯಾಗ ಯಾಕ ಹೇಳಿಲ್ರಿ?"

ಅವರು ತೊಡೆಯ ಮೇಲಿನ ಡಬ್ಬಿಯನ್ನು ಸರಿಮಾಡಿಕೊಂಡರು. "ಇಪ್ಪತ್ತೆರಡು ವರ್ಷ ಏಳರ ಬಸ್ಸಿಗೆ ಹೋಗೀನಿ ಮಂಜಾ. ಕಂಪನಿ ಕೊಟ್ಟ ಇಡಿಗಂಟು ಬ್ಯಾಂಕಿನ್ಯಾಗ ಐತಿ. ಒಂದನೇ ತಾರೀಖಿಗೆ ಹದಿನೆಂಟೂವರಿ ತೆಗೀತೀನಿ, ಕವರಿನ್ಯಾಗ ಹಾಕಿ ಆಕಿ ಕೈಯಾಗ ಇಡ್ತೀನಿ. ಪಗಾರ ಆತು."

"ಅದು ಮುಗದ್ರ?"

"ಅಷ್ಟರಾಗ ಪರ್ಮಿಟ್ ಬರ್ತೈತಿ."

ಅಕ್ಕನ ಬಂಡಿಯ ವಿಷಯ ಹೇಳಿದೆ. ಎಷ್ಟು ಉಳಿಯುತ್ತದೆ ಎಂಬುದನ್ನೂ ಹೇಳಿದೆ. ನೀವೂ ಅಲ್ಲಿಗೆ ಬನ್ನಿ, ಅಡ್ಡಾಡುವುದು ಬೇಡ, ಕೂತು ಗಿರಾಕಿಗಳಿಂದ ದುಡ್ಡು ತಗೊಂಡರೆ ಸಾಕು ಎಂದೆ. ಅವರು ನಯವಾಗಿಯೇ ತಲೆ ಅಲ್ಲಾಡಿಸಿದರು. "ಮಾರಾಟ ಮಾಡೋನಿಗೆ ದಿನಾ ಪರೀಕ್ಷಿ. ಮಂದಿ ಬಂದ್ರ ಪಾಸು, ಬರದಿದ್ರ ಫೇಲು. ಪಗಾರದವನು ಒಮ್ಮಿ ಪಾಸಾದ್ರ ಮುಗೀತು. ಈ ವಯಸ್ಸಿನ್ಯಾಗ ನಂಗ ಆಗಂಗಿಲ್ಲ. ನೀ ಹೋಗು, ತಾರೀಖು ಬರಿ."

ಕೋಣೆಗೆ ಬನ್ನಿ ಎಂದು ಕರೆದರೂ ಬರಲಿಲ್ಲ. ಅಲ್ಲಿಗೆ ಬರುವ ಅಧಿಕಾರ ತಮಗಿಲ್ಲ ಎಂದರು. ಹೀಗೆ ಕಾರ್ತಿಕ ಕಳೆಯಿತು, ಮಾರ್ಗಶಿರ ಕಳೆಯಿತು. ನಾನು ಕುರ್ಚಿಯಲ್ಲಿ, ಅವರು ಟಿಪ್ಪರಿನಲ್ಲಿ. ಮಧ್ಯಾಹ್ನ ಒಂದು ಗಂಟೆಗೆ, ನೂರು ಹೆಜ್ಜೆಯ ಅಂತರದಲ್ಲಿ, ಎರಡು ಡಬ್ಬಿಗಳ ಮುಚ್ಚಳ ಬಿಚ್ಚಿಕೊಳ್ಳುತ್ತಿದ್ದವು. ಅರವತ್ತು ಎಂದು ಅಂಕಿ ಮೂಡಿದರೆ ನಾನು ತಲೆ ಎತ್ತುವುದನ್ನೂ ಬಿಟ್ಟೆ. ದೆವ್ವ ಎಂದು ಹೆದರಿದ್ದ ದಿನಗಳೇ ವಾಸಿ ಅನಿಸುತ್ತದೆ. ಆಮೇಲೆ ಅದು ನನಗೆ ರೂಢಿಯಾಗಿಬಿಟ್ಟಿತ್ತು.

ಜನವರಿಯ ಒಂದನೇ ತಾರೀಖಿಗೆ ನನ್ನ ಪಗಾರ ಬರಲಿಲ್ಲ. ಎರಡಕ್ಕೂ ಇಲ್ಲ, ಐದಕ್ಕೂ ಇಲ್ಲ. ನಾನು ಮಾತ್ರ ಒಂಬತ್ತರ ಬಸ್ಸು ತಪ್ಪಿಸಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಿದ್ದೆ. ಅಕ್ಕ ಮೆಣಸಿನಕಾಯಿ ಸೀಳುತ್ತಾ ತಲೆ ಎತ್ತದೆ, "ಈ ತಿಂಗಳ ಪಗಾರ ಬಂತೇನು?" ಎಂದು ಕೇಳಿದಳು.

"ಬಂತಕ್ಕ," ಎಂದೆ. ಅಂದವನೇ ಒಳಗೆ ಹೋಗಿ, ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದರಲ್ಲಿ ಪ್ರತಿ ತಿಂಗಳು ಕೊಡುವಷ್ಟನ್ನು ಎಣಿಸಿ ತಂದು ಅವಳ ಪಕ್ಕದಲ್ಲಿಟ್ಟೆ. ಯಾವ ತಡವರಿಕೆಯೂ ಇರಲಿಲ್ಲ. ಬೀದಿಗೆ ಇಳಿದ ಮೇಲೆ ನಾನು ಮಾಡಿದ್ದು ಏನೆಂದು ನನಗೆ ಹೊಳೆಯಿತು. ಆ ಸುಳ್ಳು ನನ್ನ ಬಾಯಲ್ಲಿ ಹುಟ್ಟಿದ ಹಾಗಿರಲಿಲ್ಲ. ಬೇರೊಬ್ಬರ ಮಾತು ನನ್ನ ಗಂಟಲಿನಿಂದ ಬಂದ ಹಾಗಿತ್ತು.

ಪ್ಲಾಟಿಗೆ ಹೋಗಿ ಸೀದಾ ಟಿಪ್ಪರಿನ ಬಾಗಿಲು ತೆಗೆದೆ. "ಸರ್, ನಾನು ಬಿಟ್ಟೆ. ನೀವೂ ಬರ್ರಿ. ಇಬ್ಬರೂ ಹೋಗಿಬಿಡೋಣು."

"ಕಾಟಾಕ್ಕ ಒಬ್ಬ ಇರಬೇಕು," ಎಂದರು. ನನ್ನ ಕೈಯಲ್ಲಿದ್ದ ಬೀಗದ ಕೈಯನ್ನು ನೋಡುತ್ತಿದ್ದರು. ಅದನ್ನು ಅವರಿಗೆ ಕೊಟ್ಟೆ. ಸರಿಯೋ ತಪ್ಪೋ, ಅವರನ್ನು ಎಳೆದು ತರುವಷ್ಟು ಶಕ್ತಿ ಆ ದಿನ ನನ್ನಲ್ಲಿರಲಿಲ್ಲ. ಅವರು ಇಳಿದು ಬಂದು, ಕರವಸ್ತ್ರದಿಂದ ಕುರ್ಚಿ ಒರೆಸಿ, ಕೂತು, ರಿಜಿಸ್ಟರು ತೆಗೆದರು. "ನಿನ್ನ ಹೆಸರಿನ ಮುಂದ ಏನ್ ಬರೀಲಿ?"

"ರಜಾ ಅಂತ ಬರೀರಿ."

"ಪಗಾರ ಇಲ್ಲದ ರಜಾ," ಎಂದು ಕೆಂಪು ಶಾಯಿಯಲ್ಲಿ ಬರೆದರು.

ಅಂದೇ ಸಂಜೆ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಎಣ್ಣೆಯಿಂದ ಮಿರ್ಚಿ ಎತ್ತುವ ಝಾರಿ ನನ್ನ ಕೈಗೆ ಕೊಟ್ಟಳು. ಮೊದಲ ವಾರ ಮೊಣಕೈವರೆಗೆ ಎಣ್ಣೆ ಸಿಡಿದು ಬೊಬ್ಬೆ. ಹಳೆಯ ಪ್ಲಾಟಿನವರು ಯಾರಾದರೂ ಬಂದರೆ ಬಂಡಿಯ ಹಿಂದೆ ಬಗ್ಗಿ ಏನೋ ಹುಡುಕುವವನಂತೆ ಮಾಡುತ್ತಿದ್ದೆ. ಒಂದು ದಿನ ಎಂಟುನೂರು ಉಳಿದರೆ ಮರುದಿನ ಹಿಟ್ಟಿನ ಕಾಸೂ ಹುಟ್ಟುತ್ತಿರಲಿಲ್ಲ. ಸರ್ ಹೇಳಿದ್ದು ನಿಜ, ದಿನಾ ಪರೀಕ್ಷೆ. ಆದರೆ ತಿಂಗಳು ಕಳೆಯುವುದರೊಳಗೆ "ಮಂಜಣ್ಣ, ಎರಡು ಪ್ಲೇಟ್" ಎಂದು ಜನ ಕೂಗತೊಡಗಿದರು. ಆ ಕೂಗಿಗೆ ತಿರುಗಿದಾಗ ಅಲ್ಲಿ ಒಬ್ಬ ಮನುಷ್ಯ ಖಂಡಿತವಾಗಿ ನಿಂತಿರುತ್ತಿದ್ದ. ಅದೇ ನನಗೆ ದೊಡ್ಡದಾಗಿತ್ತು.

ಹೋಳಿಯ ಹತ್ತಿರ, ಬೆಳಗಿನ ಗಿರಾಕಿ ಮುಗಿದ ಹೊತ್ತಿಗೆ, ಶಾಂತಮ್ಮ ಬಂಡಿಯ ಮುಂದೆ ಬಂದು ನಿಂತರು. ಕಂಪ್ಲಿಯಿಂದ ಒಬ್ಬರೇ ಬಂದಿದ್ದರು. "ಆ ಪ್ಲಾಟಿಗೆ ನನ್ನ ಕರ್ಕೊಂಡು ಹೋಗ್ರಿ," ಎಂದರು. ಅಕ್ಕ ಅವರಿಗೆ ನೀರು ಕೊಟ್ಟು, ಖಾಜಾನನ್ನು ಕರೆಸಿದಳು.

ಆಟೋದಲ್ಲಿ ಅವರೇ ಮಾತು ತೆಗೆದರು. "ನಂಗ ಮೊದಲ ಗೊತ್ತಿತ್ತು. ಅವರ ಅಂಗಿ ನೆನಿ ಹಾಕಿದ್ರ ನೀರು ರಕ್ತದಂಗ ಆಗ್ತಿತ್ತು. ಆಷಾಢದ ಮ್ಯಾಲ ನೀರು ನೀರಾಗೇ ಉಳೀತು. ಬನ್ನಿ ಕೊಡಾಕ ಬಂದ ದಿನ ನಿಮ್ಮ ಮಾರಿ ನೋಡಾಕಂತನ ಹಂಗ ಕೇಳಿದ್ದು."

"ಮತ್ತ ಅವರಿಗೆ ಯಾಕ ಹೇಳ್ಲಿಲ್ಲಮ್ಮ?"

"ಹೇಳಿದ್ರ ಬೆಳಿಗ್ಗಿ ಎದ್ದು ಎಲ್ಲಿಗೆ ಹೋಗಬೇಕು ಅವರು?" ಎಂದರು. "ನಾನು ರೊಟ್ಟಿ ಬಡ್ಯಾಕ ಹತ್ತಿದೆ. ಎರಡು ಖಾನಾವಳಿಗೆ ಕೊಡ್ತೀನಿ. ದಿನಕ್ಕ ಇನ್ನೂರು ರೊಟ್ಟಿ. ಅವರು ಏಳಕ್ಕ ಹೋದ್ಮ್ಯಾಲ ಒಲಿ ಮ್ಯಾಲ ಹಂಚು ಇಡ್ತೀನಿ, ಬರೋದ್ರಾಗ ಒಲಿ ಸಾರಿಸಿರ್ತೀನಿ. ಈ ತಿಂಗಳ ಅವರು ಕವರ್ ಕೊಡ್ಲಿಲ್ಲ. ಅದರ ಚಿಂತಿಲ್ಲ. ಮೂರು ದಿನ ಆತು, ಕಟ್ಟಿದ ಡಬ್ಬಿ ಹಂಗ ವಾಪಸ್ ಬರ್ತೈತಿ."

ಗೇಟು ತೆರೆದಿತ್ತು. ಖಾಜಾ ಆಟೋವನ್ನು ಗೇಟಿನ ನಡುವೆಯೇ ನಿಲ್ಲಿಸಿದ. ಕೋಣೆಯ ಕಿಟಕಿ ಗಾಜು ಉಜ್ಜಿ ಉಜ್ಜಿ ಥಳಥಳ ಎನ್ನುತ್ತಿತ್ತು. ಒಳಗೆ ಸರ್ ಬರೆಯುತ್ತಿದ್ದರು. ಕೆನ್ನೆ ಒಳಗೆ ಹೋಗಿತ್ತು, ಅಂಗಿಯ ಕಾಲರು ಮಾತ್ರ ನೆಟ್ಟಗಿತ್ತು. ಬಾಗಿಲಲ್ಲಿ ನಿಂತು ಮೇಜಿನ ಮೇಲೆ ನೋಡಿದೆ. ರಿಜಿಸ್ಟರಿನ ಪುಟ ತುಂಬ ಲಾ‌ರಿಗಳು. ನಂಬರು, ಬಂದ ಹೊತ್ತು, ಹೋದ ಹೊತ್ತು, ತೂಕ. ಮುತ್ತಿನಂಥ ಅಕ್ಷರ. ಕೆಲವು ನಂಬರುಗಳು ನನಗೂ ಗೊತ್ತಿದ್ದವೇ, ಒಳ್ಳೆಯ ಕಾಲದಲ್ಲಿ ದಿನಾ ಬರುತ್ತಿದ್ದವು. ಪೆಟ್ಟಿಗೆಯಲ್ಲಿ ಸೊನ್ನೆ ಇತ್ತು.

ಹೆಂಡತಿಯನ್ನು ನೋಡಿ ಸರ್ ಕೈಯೆತ್ತಿದರು. "ಒಂದು ನಿಮಿಷ. ಈ ಗಾಡಿ ಹೋಗ್ಲಿ."

ಅವರು ಕಾಟಾದ ಕಡೆಗೆ ನೋಡಿದರು. ನಾವೂ ನೋಡಿದೆವು. ಬಿಸಿಲಿಗೆ ಕಬ್ಬಿಣದ ಮೇಲೆ ಗಾಳಿ ಕುದಿಯುತ್ತಿತ್ತು, ಅಷ್ಟೇ. ಸರ್ ಚೀಟಿ ಹರಿದು ಕಿಟಕಿಯಿಂದ ಹೊರಗೆ ಚಾಚಿದರು. ಕಾದರು. ಚೀಟಿ ಕೈಯಿಂದ ಜಾರಿ ಗಾಳಿಗೆ ಹೋಯಿತು. ಆಮೇಲೆ ಗೇಟಿನತ್ತ ತಿರುಗಿ, "ಏ ಆಟೋ, ಸರಸು. ಹಿಂದ ಲೋಡ್ ಐತಿ," ಎಂದರು.

ಖಾಜಾ ನನ್ನ ಮುಖ ನೋಡಿದ. ಏನೂ ಕೇಳದೆ ಆಟೋವನ್ನು ಹಿಂದಕ್ಕೆ ತೆಗೆದು, ಬದಿಗೆ ಹಚ್ಚಿ, ಒಂದು ತುಂಬಿದ ಲಾರಿ ಹೋಗುವಷ್ಟು ದಾರಿ ಬಿಟ್ಟ. ಅದು ಹೋಗುವವರೆಗೆ ನಾವು ನಾಲ್ವರೂ ಗೇಟಿನತ್ತ ನೋಡುತ್ತ ಕಾದೆವು.

ಶಾಂತಮ್ಮ ಒಳಗೆ ಹೋಗಿ ಮೇಜಿನ ಪಕ್ಕ ನಿಂತರು. ಗಂಡನ ಹೆಗಲ ಮೇಲೆ ಕೈ ಇಡಲಿಲ್ಲ, ಅಳಲಿಲ್ಲ. ಪುಟವನ್ನು ಮೇಲಿನಿಂದ ಕೆಳಗೆ ಓದಿ, "ಇವತ್ತಿನದು ಮುಗೀತಲ್ರಿ. ನಡೀರಿ, ಬಸ್ ತಪ್ಪತೈತಿ," ಎಂದರು.

ಸರ್ ಗಡಿಯಾರ ನೋಡಿದರು. ಹನ್ನೆರಡೂ ಆಗಿರಲಿಲ್ಲ. ಒಟ್ಟು ಕೂಡಿಸಿ, ಅಡ್ಡಗೆರೆ ಎಳೆದು, ಸಹಿ ಹಾಕಿ ರಿಜಿಸ್ಟರು ಮುಚ್ಚಿದರು. ತುಂಬಿದ ಡಬ್ಬಿಯನ್ನು ಶಾಂತಮ್ಮ ಎತ್ತಿಕೊಂಡರು.

ಯುಗಾದಿ ಮುಗಿದ ಮೇಲೆ ಯಾವುದೋ ಕೆಲಸಕ್ಕೆ ಬ್ಯಾಂಕಿಗೆ ಹೋದವನು ಪಾಸ್‌ಬುಕ್ಕನ್ನೂ ಕೊಟ್ಟೆ. ಅಚ್ಚಾಗಿ ಬಂದದ್ದನ್ನು ನೋಡಿದರೆ ಒಂಬತ್ತು ಸಾವಿರ, ಒಂಬತ್ತು ಸಾವಿರ, ಒಂದರ ಕೆಳಗೊಂದು. ನಡುವೆ ಒಂದು ತಿಂಗಳು ಮಾತ್ರ ತಡವಾಗಿತ್ತು. "ಕಂಪನಿ ಖಾತೆಯಿಂದ ತಾನಾಗಿ ಬರೋ ಏರ್ಪಾಡ್ರಿ," ಎಂದಳು ಕೌಂಟರಿನ ಹುಡುಗಿ. "ಆವಾಗ ಅಲ್ಲಿ ದುಡ್ಡಿರ್ಲಿಲ್ಲ, ಆಮ್ಯಾಲ ಬಂದೈತಿ." ನಾನು ಬಿಟ್ಟದ್ದು ಯಾರಿಗೂ ಗೊತ್ತಿರಲಿಲ್ಲ. ಅಕ್ಕನ ಪಕ್ಕದಲ್ಲಿ ನಿಂತು ಮಿರ್ಚಿ ಕರಿದ ದಿನಗಳಿಗೆಲ್ಲ ಕಾಟಾ ನೋಡಿಕೊಂಡದ್ದಕ್ಕೆಂದು ನನಗೆ ಪಗಾರ ಬಂದಿತ್ತು. ಕುರ್ಚಿಯಲ್ಲಿ ಕೂತಿದ್ದವರಿಗೆ ಒಂದು ಕಾಸೂ ಇಲ್ಲ. ಬ್ಯಾಂಕಿಗೆ ಅರ್ಜಿ ಕೊಟ್ಟು ಮುಂದಿನದು ಬಾರದಂತೆ ಮಾಡಿಸಿ, ಅವರು ಕೂತ ಎರಡು ತಿಂಗಳದ್ದು ಹದಿನೆಂಟು ಸಾವಿರ ತೆಗೆದು, ಕವರಿನಲ್ಲಿ ಹಾಕಿಕೊಂಡು ಕಂಪ್ಲಿಗೆ ಹೋದೆ.

ಸರ್ ಪಡಸಾಲೆಯಲ್ಲಿ ಕೂತಿದ್ದರು. ಮುಖ ಸ್ವಲ್ಪ ತುಂಬಿಕೊಂಡಿತ್ತು. ಖಾಕಿ ಅಂಗಿಯ ಬದಲು ಬನಿಯನ್ನು. ನಾನು ಕೊಟ್ಟ ಕವರನ್ನು ಬಿಚ್ಚಿ, ಬೆರಳಿಗೆ ಉಗುಳು ಹಚ್ಚಿ ಎರಡು ಸಲ ಎಣಿಸಿದರು.

"ಐನೂರು ಕಡಿಮಿ ಐತಿ," ಎಂದರು.

ಶಾಂತಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಕವರು ತೆಗೆದುಕೊಂಡರು. "ಸಾಕ್ರಿ, ಇನ್ನೊಂದು ಹಂಚು ತಗೊಳ್ಳಾಕ," ಎಂದರು. ಆಕೆ ಈಗ ಹಗಲೆಲ್ಲ ಒಲೆ ಆರಿಸುತ್ತಿರಲಿಲ್ಲ. ಪಡಸಾಲೆಯಲ್ಲೇ ಜೋಳದ ಚೀಲ, ರೊಟ್ಟಿಯ ಬುಟ್ಟಿಗಳು. ದಿನಕ್ಕೆ ನಾನೂರು ಹೋಗುತ್ತವೆ, ಸರ್ ಎಣಿಸಿ ಕಟ್ಟುತ್ತಾರೆ, ಒಂದು ರೊಟ್ಟಿಯೂ ಹೆಚ್ಚುಕಮ್ಮಿ ಆಗುವುದಿಲ್ಲ ಎಂದು ಹೇಳಿದರು. ಸರ್ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

ನಾನು ಹೊರಟು ಮೆಟ್ಟಿಲು ಇಳಿಯುತ್ತಿದ್ದೆ. ಸರ್ ಹಿಂದೆ ಬಂದು ನನ್ನ ತೋಳು ಹಿಡಿದರು. ದನಿ ತಗ್ಗಿಸಿ, ಹೆಂಡತಿಗೆ ಕೇಳಬಾರದೆಂಬಂತೆ, "ನಾಳಿ ಕಾಟಾಕ್ಕ ಯಾರು?" ಎಂದರು.

ಪ್ಲಾಟಿನ ಗೇಟನ್ನು ಯಾರೋ ಕಿತ್ತುಕೊಂಡು ಹೋಗಿದ್ದನ್ನು ನಾನು ಹಿಂದಿನ ವಾರ ಬಸ್ಸಿನಿಂದ ನೋಡಿದ್ದೆ. ಅವರ ಕಣ್ಣು ನನ್ನ ಬಾಯಿಯನ್ನೇ ನೋಡುತ್ತಿತ್ತು.

"ನಾನ ಹೋಗ್ತೀನಿ ಸರ್," ಎಂದೆ.

"ಒಂಬತ್ತೂವರಿಗೆ."

"ಹೂನ್ರಿ ಸರ್. ಒಂಬತ್ತೂವರಿಗೆ."

ಅವರು ತೋಳು ಬಿಟ್ಟರು. ಒಳಗೆ ಹೋಗಿ ಒಲೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಬಿಸಿ ರೊಟ್ಟಿಗಳನ್ನು ಹತ್ತರ ಅಟ್ಟಿಯಾಗಿ ಎಣಿಸತೊಡಗಿದರು. ಬೀದಿಯ ತಿರುವಿನವರೆಗೂ ಅವರ ಎಣಿಕೆ ನನಗೆ ಕೇಳಿಸುತ್ತಿತ್ತು.